ಲಾರಿ ಎಂಜಿನ್ನಿನ ಬ್ಲಾಕ್ ಒಡೆದಿದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಬೆಳಗಾವಿ ಜಿಲ್ಲೆಯವನು. ಹದಿನೆಂಟು ವರ್ಷಗಳಿಂದ ಪುಣೆಯ ಭೋಸರಿಯಲ್ಲಿ ನೆಲೆಸಿದ್ದೇನೆ. ನನ್ನ ಬಳಿ ಆರು ಸಿಲಿಂಡರಿನ ಹಳೆಯ ಲಾರಿಯೊಂದಿದೆ. ಎರಡು ತಿಂಗಳ ಹಿಂದೆ ಯಂತ್ರದ ಬಿಡಿಭಾಗಗಳನ್ನು ಹೇರಿಕೊಂಡು ಬೆಳಗಾವಿಗೆ ಹೊರಟಿದ್ದಾಗ ಖಂಬಾಟಕಿ ಘಾಟಿನ ಏರಿನಲ್ಲಿ ಎಂಜಿನ್ ಕುದಿಯಿತು. ಚಾಲಕ ಗಾಬರಿಯಾಗಿ ಕ್ಯಾನಿನಲ್ಲಿದ್ದ ತಣ್ಣೀರನ್ನು ಕೂಡಲೇ ರೇಡಿಯೇಟರಿಗೆ ಸುರಿದ. ಅಂದಿನಿಂದ ಪ್ರತಿ ಟ್ರಿಪ್ಪಿಗೆ ಎರಡು ಮೂರು ಲೀಟರ್ ನೀರು ಕಡಿಮೆಯಾಗುತ್ತಿದೆ. ಹೊರಗೆ ಎಲ್ಲಿಯೂ ಸೋರಿದ ಗುರುತಿಲ್ಲ. ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ, ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಏಳುತ್ತವೆ. ಬ್ಲಾಕ್ ಕ್ರ್ಯಾಕ್ ಆಗಿದೆ, ಹಾಫ್ ಎಂಜಿನ್ (ಹೆಡ್ ಬಿಟ್ಟು ಬ್ಲಾಕ್ ಸಮೇತ ಎಂಜಿನ್ನಿನ ಕೆಳಭಾಗ) ಬದಲಿಸಬೇಕು ಎಂದು ಇಲ್ಲಿಯ ಮೆಕ್ಯಾನಿಕ್ ಹೇಳುತ್ತಾರೆ. ಅಷ್ಟು ಹಣ ಹಾಕುವ ಮೊದಲು ಇದನ್ನು ಖಚಿತ ಮಾಡಿಕೊಳ್ಳುವುದು ಹೇಗೆ?
– ಓದುಗರು, ಭೋಸರಿ, ಪುಣೆ

ಉತ್ತರ: ತಾವು ಬರೆದಿರುವ ಲಕ್ಷಣಗಳಲ್ಲಿ ಯಾವುದೂ ಬ್ಲಾಕ್, ಎಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಎರಕದ ಮೈ, ಒಡೆದಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ನೀರು ಇಳಿಯುವುದು, ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಇವೆಲ್ಲ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಾಗಲೂ ಬರುತ್ತವೆ, ಹೆಡ್ಡಿನಲ್ಲಿ ವಾಲ್ವ್ ಸೀಟುಗಳ ನಡುವೆ ಬಿರುಕು ಬಿದ್ದಾಗಲೂ ಬರುತ್ತವೆ, ಸಿಲಿಂಡರಿನೊಳಗೆ ಕೂರುವ ಕೊಳವೆಯಾದ ಲೈನರ್ ತೂತಾದಾಗಲೂ ಬರುತ್ತವೆ. ನವಿ ಮುಂಬಯಿಯ ಕಳಂಬೋಲಿಯ ನನ್ನ ವರ್ಕ್‌ಶಾಪಿಗೆ ಕುದಿದು ಬಂದ ಲಾರಿಗಳಲ್ಲಿ ಕೆಟ್ಟಿದ್ದು ಬಹುಪಾಲು ಗ್ಯಾಸ್ಕೆಟ್ ಅಥವಾ ಹೆಡ್ಡೇ ಹೊರತು ಬ್ಲಾಕ್ ಅಲ್ಲ. ಆದ್ದರಿಂದ ಬ್ಲಾಕ್ ಒಡೆದಿದೆ ಎಂಬ ತೀರ್ಮಾನವನ್ನು ಉಳಿದೆಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ಕೈಬಿಟ್ಟ ಮೇಲೆ, ಕೊನೆಗೆ ಮಾಡಬೇಕು.

ಹಾಗೆಂದು ತಮ್ಮ ಮೆಕ್ಯಾನಿಕ್‌ರ ಅನುಮಾನವನ್ನು ತಳ್ಳಿಹಾಕಲೂ ಆಗದು. ಬ್ಲಾಕನ್ನು ಎರಕ ಹೊಯ್ಯುವ ಬೀಡು ಕಬ್ಬಿಣವು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೆ ಎಳೆತವನ್ನು ತಾಳುವುದಿಲ್ಲ. ನೀರಿಲ್ಲದೆ ಕಾದ ಎಂಜಿನ್ನಿಗೆ ತಣ್ಣೀರು ಬಿದ್ದಾಗ ನೀರು ತಾಗಿದ ಗೋಡೆ ಒಮ್ಮೆಲೇ ಕುಗ್ಗುತ್ತದೆ, ಅದರ ಹಿಂದಿನ ದಪ್ಪ ಭಾಗ ಇನ್ನೂ ಹಿಗ್ಗಿಯೇ ಇರುತ್ತದೆ, ಆ ಎಳೆದಾಟದಲ್ಲಿ ತೆಳುವಾದ ಜಾಗ ಸೀಳುತ್ತದೆ. ಕುದಿದ ಎಂಜಿನ್ನನ್ನು ತಾನಾಗಿ ತಣಿಯಲು ಬಿಟ್ಟು, ಒಂದು ಗಂಟೆಯಾದರೂ ಕಾದು, ಆಮೇಲೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ನೀರು ಹಾಕಬೇಕೆಂದು ತಮ್ಮ ಚಾಲಕರಿಗೆ ದಯವಿಟ್ಟು ತಿಳಿಸಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಮುಖ, ಎದೆ ಸುಟ್ಟುಕೊಂಡ ಹುಡುಗರನ್ನು ನಾನು ನೋಡಿದ್ದೇನೆ. ಮುಂದೆ ಹೇಳುವ ಪರೀಕ್ಷೆಗಳಲ್ಲಿಯೂ ಮುಚ್ಚಳವನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ತೆಗೆಯಬೇಕು.

ಗುಳ್ಳೆಗಳಿಂದ ಆರಂಭಿಸೋಣ. ರಾತ್ರಿಯಿಡೀ ನಿಂತ ಲಾರಿಯ ರೇಡಿಯೇಟರನ್ನು ಬೆಳಿಗ್ಗೆ ಬಾಯಿಯ ಅಂಚಿನವರೆಗೆ ತುಂಬಿಸಿ, ಮುಚ್ಚಳ ಹಾಕದೆ ಎಂಜಿನ್ ಶುರುಮಾಡಿ, ನೀರಿನ ಮೇಲ್ಮೈಯನ್ನು ನೋಡುತ್ತ ನಿಲ್ಲಿ. ಒಳಗೆ ಉಳಿದಿದ್ದ ಗಾಳಿ ಹೊರಬರುವಾಗ ಮೊದಲ ಒಂದೆರಡು ನಿಮಿಷ ಕೆಲವು ಗುಳ್ಳೆಗಳು ಎದ್ದು ನಿಂತುಹೋಗುತ್ತವೆ, ಅದು ದೋಷವಲ್ಲ. ನಿಲ್ಲದೆ, ಆಕ್ಸಿಲರೇಟರ್ ಒತ್ತಿದಂತೆಲ್ಲ ಹೆಚ್ಚುತ್ತ, ನೀರನ್ನು ಹೊರಗೆ ತಳ್ಳುವ ಗುಳ್ಳೆಗಳು ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದು ತೋರಿಸುತ್ತವೆ. ಆ ಗಾಳಿ ಸಿಲಿಂಡರಿನದೇ ಎಂದು ತಕ್ಷಣ ನಂಬಿಬಿಡುವುದು ನಮ್ಮ ಕಸುಬಿನಲ್ಲಿ ಬಹಳ ಸಲ ಆಗುವ ತಪ್ಪು. ತಮ್ಮ ಲಾರಿಗೆ ಗಾಳಿ ಬ್ರೇಕ್ ಇದೆ. ಅದಕ್ಕೆ ಗಾಳಿ ತುಂಬುವ ಕಂಪ್ರೆಸರಿನ ಹೆಡ್ಡಿಗೂ ಅನೇಕ ಲಾರಿಗಳಲ್ಲಿ ಇದೇ ರೇಡಿಯೇಟರಿನ ನೀರು ಹರಿಯುತ್ತದೆ. ಆ ಪುಟ್ಟ ಹೆಡ್ಡಿನ ಗ್ಯಾಸ್ಕೆಟ್ ಹೋದರೆ ಕಂಪ್ರೆಸರಿನ ಗಾಳಿಯೇ ನೀರಿನೊಳಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆಯಾಗಿ ಏಳುತ್ತದೆ, ಹೆಡ್ ಗ್ಯಾಸ್ಕೆಟ್ ಹೋದಾಗಿನ ಗುಳ್ಳೆಗೂ ಇದಕ್ಕೂ ಕಣ್ಣಿಗೆ ಯಾವ ವ್ಯತ್ಯಾಸವೂ ತೋರುವುದಿಲ್ಲ.

ಇದನ್ನು ಪ್ರತ್ಯೇಕಿಸುವುದು ಸುಲಭ. ಗಾಳಿಯ ಟ್ಯಾಂಕುಗಳನ್ನು ಖಾಲಿ ಮಾಡಿ, ಚಕ್ರಗಳಿಗೆ ಅಡ್ಡೆ ಕೊಟ್ಟು, ಎಂಜಿನ್ ಓಡಿಸಿ, ಒಬ್ಬರು ಗಾಳಿಯ ಮುಳ್ಳನ್ನೂ ಇನ್ನೊಬ್ಬರು ರೇಡಿಯೇಟರನ್ನೂ ನೋಡುತ್ತಿರಬೇಕು. ಟ್ಯಾಂಕ್ ತುಂಬಿ ಅನ್‌ಲೋಡರ್ ವಾಲ್ವ್ 'ಫುಸ್' ಎಂದು ಗಾಳಿ ಬಿಟ್ಟ ಕ್ಷಣದಲ್ಲಿ ಗುಳ್ಳೆ ನಿಂತರೆ ಅಥವಾ ತೀರ ಕಡಿಮೆಯಾದರೆ, ಅಪರಾಧಿ ಕಂಪ್ರೆಸರ್. ಬ್ರೇಕ್ ತುಳಿದು ಗಾಳಿ ಇಳಿಸಿದಾಗ ಗುಳ್ಳೆ ಮತ್ತೆ ಏಳಬೇಕು. ಇನ್ನೂ ಸಂದೇಹವಿದ್ದರೆ ಕಂಪ್ರೆಸರಿಗೆ ಹೋಗುವ ನೀರಿನ ಎರಡು ಕೊಳವೆಗಳನ್ನು ಬಿಡಿಸಿ ಒಂದಕ್ಕೊಂದು ಜೋಡಿಸಿ, ಒಂದೆರಡು ನಿಮಿಷ ಮಾತ್ರ ಎಂಜಿನ್ ಓಡಿಸಿ ನೋಡಬಹುದು. ಒಂದು ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯುವ ಈ ಕೆಲಸಕ್ಕೆ ಹಾಫ್ ಎಂಜಿನ್ ಬದಲಿಸಿದವರಿದ್ದಾರೆ.

ಬಿಳಿ ಹೊಗೆಯ ವಿಷಯವನ್ನು ಇಷ್ಟರಲ್ಲೇ ಹೇಳಿಬಿಡಬಹುದು. ಪುಣೆಯ ಚಳಿಗಾಲದ ಬೆಳಿಗ್ಗೆ ಸರಿಯಾದ ಎಂಜಿನ್ನೂ ಕೆಲವು ನಿಮಿಷ ಬೆಳ್ಳಗೆ ಉಗುಳುತ್ತದೆ. ಉರಿಯದ ಡೀಸೆಲ್ಲಿನ ಹೊಗೆಯೂ ಬಿಳಿಯೇ, ಆದರೆ ಅದು ಕಣ್ಣು ಉರಿಸುತ್ತದೆ ಮತ್ತು ಡೀಸೆಲ್ ವಾಸನೆ ಹೊಡೆಯುತ್ತದೆ. ಸೈಲೆನ್ಸರಿನ ಬಾಯಿಗೆ ಒಂದು ಗಾಜಿನ ತುಂಡನ್ನು ಇಕ್ಕಳದಲ್ಲಿ ಹಿಡಿದರೆ ಡೀಸೆಲ್ಲಾದರೆ ಜಿಡ್ಡಿನ ಪೊರೆ ಕಟ್ಟುತ್ತದೆ, ನೀರಾದರೆ ಹನಿ ಕಟ್ಟುತ್ತದೆ. ಎಂಜಿನ್ ಬಿಸಿಯಾಗಿ ಅರ್ಧ ಗಂಟೆಯಾದ ಮೇಲೂ ಹನಿ ಕಟ್ಟುತ್ತಿದ್ದರೆ ಮಾತ್ರ ಚಿಂತಿಸಬೇಕು.

ಆಯಿಲ್ ಬಗ್ಗೆ ತಾವು ಏನೂ ಬರೆದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ಅದೇ. ಗೇಜ್ ಕಡ್ಡಿ ಎಳೆದಾಗ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ತುಸು ಬೆಳ್ಳಗಿನ ಕೆನೆ ಅಂಟಿದ್ದರೆ ಅದು ಮಳೆಗಾಲದ ತೇವವೂ ಇರಬಹುದು, ಮುಂಬಯಿಯಲ್ಲಿ ಹತ್ತಿರದ ಬಾಡಿಗೆ ಓಡುವ ಟೆಂಪೋಗಳಲ್ಲಿ ಇದನ್ನು ಪ್ರತಿ ವರ್ಷ ನೋಡುತ್ತೇನೆ. ಸಂದೇಹವಿದ್ದರೆ ಲಾರಿಯನ್ನು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಶುರುಮಾಡುವ ಮೊದಲು ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ. ನೀರು ಆಯಿಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ, ಬೋಲ್ಟಿನ ಎಳೆಗಳ ನಡುವಿನಿಂದ ಆಯಿಲಿಗಿಂತ ಮೊದಲು ಅದೇ ಬರುತ್ತದೆ. ಆಯಿಲ್ ಜೊತೆ ಕಲೆತುಹೋದ ನೀರು ಹೀಗೆ ಬೇರೆಯಾಗದು, ಅದಕ್ಕೆ ಕಾಯಿಸಿದ ಕಬ್ಬಿಣದ ತಗಡಿನ ಮೇಲೆ ಆ ಆಯಿಲಿನ ಎರಡು ಹನಿ ಬಿಟ್ಟು ನೋಡಬೇಕು. ಒಗ್ಗರಣೆಯ ಸಾಸಿವೆಯಂತೆ ಚಟಚಟ ಎಂದರೆ ನೀರಿದೆ, ಸದ್ದಿಲ್ಲದೆ ಹೊಗೆಯಾಡಿದರೆ ಇಲ್ಲ.

ಆಯಿಲಿನಲ್ಲಿ ನೀರು ಇಲ್ಲದೆ, ರೇಡಿಯೇಟರಿನಲ್ಲಿ ಆಯಿಲ್ ತೇಲುತ್ತಿದ್ದರೆ ಮೊದಲು ನೀರಿನಿಂದ ಆಯಿಲನ್ನು ತಣಿಸುವ ಆಯಿಲ್ ಕೂಲರನ್ನು ಬಿಚ್ಚಿಸಿ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ನೀರಿನ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಕೂಲರಿನ ಸಣ್ಣ ತೂತಿನಲ್ಲಿ ಆಯಿಲೇ ನೀರಿನ ಕಡೆಗೆ ನುಗ್ಗುತ್ತದೆ. ಬಹಳ ವರ್ಷಗಳ ಹಿಂದೆ ಹೀಗೆ ಬಂದ ಒಂದು ಎಂಜಿನ್ನಿನ ಬ್ಲಾಕನ್ನು ಒಡೆದಿದೆಯೆಂದು ನಾನೇ ತೀರ್ಪು ಕೊಟ್ಟೆ. ಮಾಲೀಕರು ಹೆಂಡತಿಯ ಬಳೆ ಅಡವಿಟ್ಟು ಬೇರೆ ಬ್ಲಾಕ್ ತಂದರು, ಹಳೆಯ ಕೂಲರನ್ನೇ ಅದಕ್ಕೆ ಕೂರಿಸಿದೆವು, ಮೂರನೆಯ ದಿನ ಹೊಸ ನೀರಿನ ಮೇಲೆ ಮತ್ತೆ ಆಯಿಲ್ ತೇಲಿತು. ಆ ತಪ್ಪು ನನ್ನದು. ಅಂದಿನಿಂದ ಕೂಲರನ್ನು ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ನೋಡದೆ ಯಾವ ಬ್ಲಾಕಿನ ಮೇಲೂ ನಾನು ಮಾತಾಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ 'ಟಕ್' ಎಂದು ಅಡ್ಡ ನಿಂತರೆ ಮತ್ತೆ ಮತ್ತೆ ಹೊಡೆಯಬೇಡಿ, ತಳ್ಳಿಯೂ ಶುರುಮಾಡಬೇಡಿ. ರಾತ್ರಿ ಸಿಲಿಂಡರಿನಲ್ಲಿ ನೀರು ತುಂಬಿರಬಹುದು, ನೀರು ಗಾಳಿಯಂತೆ ಅದುಮಿದರೆ ಕುಗ್ಗುವುದಿಲ್ಲ, ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಚಿಮ್ಮಿಸುವ ಆರೂ ನಾಜಲ್‌ಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ. ಯಾವ ತೂತಿನಿಂದ ನೀರು ಚಿಮ್ಮುತ್ತದೋ ಆ ಸಿಲಿಂಡರಿನಲ್ಲಿಯೇ ದೋಷವಿದೆ.

ಇಷ್ಟಾದ ಮೇಲೂ ಉತ್ತರ ಸಿಗದಿದ್ದರೆ ರೇಡಿಯೇಟರಿಗೆ ಒತ್ತಡ ಕೊಟ್ಟು ನೋಡಬೇಕು. ಮುಚ್ಚಳದ ಜಾಗದಲ್ಲಿ ಕೂರುವ, ಮುಳ್ಳಿರುವ ಕೈಪಂಪು ಪುಣೆಯ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಂಥ ಜಾಗದಲ್ಲಿ ಒಳ್ಳೆಯ ಮೆಕ್ಯಾನಿಕ್‌ರ ಬಳಿ ಇರುತ್ತದೆ. ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಬೇಕು, ಹೆಚ್ಚು ಕೊಟ್ಟರೆ ಹಳೆಯ ರೇಡಿಯೇಟರೇ ಒಡೆಯುತ್ತದೆ. ಇದರ ನಿಜವಾದ ಪ್ರಯೋಜನ ಚೇಂಬರನ್ನು ಇಳಿಸಿ ಮಾಡಿದಾಗ ಸಿಗುತ್ತದೆ. ಆಯಿಲ್ ಒರೆಸಿ, ಲಾರಿಯ ಕೆಳಗೆ ಒಣ ರಟ್ಟನ್ನು ಉದ್ದಕ್ಕೆ ಹಾಸಿ, ಸಿಲಿಂಡರುಗಳ ಸಾಲಿಗೆ ಸರಿಯಾಗಿ ಅದರ ಮೇಲೆ ಒಂದರಿಂದ ಆರರವರೆಗೆ ಸೀಮೆಸುಣ್ಣದಲ್ಲಿ ಬರೆದು, ಒತ್ತಡ ಕೊಟ್ಟು ಕಾಯಬೇಕು. ಹನಿ ಎಲ್ಲಿ ಬಿತ್ತು ಎಂಬುದನ್ನು ರಟ್ಟು ಹೇಳುತ್ತದೆ, ಅದು ಎಲ್ಲಿಂದ ಇಳಿಯಿತು ಎಂಬುದನ್ನು ಟಾರ್ಚ್ ಹಿಡಿದು ನಾವು ನೋಡಬೇಕು. ಪಿಸ್ಟನ್ನಿನ ಬದಿಯಿಂದ ಸಿಲಿಂಡರಿನ ಒಳಗೋಡೆ ಹಿಡಿದು ಇಳಿದರೆ ನೀರು ಮೇಲಿನಿಂದ, ಎಂದರೆ ಗ್ಯಾಸ್ಕೆಟ್, ಹೆಡ್ ಅಥವಾ ತೂತು ಬಿದ್ದ ಲೈನರಿನಿಂದ ಬರುತ್ತಿದೆ. ನೀರು ನೇರವಾಗಿ ತಾಗುವ ವೆಟ್ ಲೈನರ್ ಇರುವ ಎಂಜಿನ್ನಿನಲ್ಲಿ ಲೈನರಿನ ಹೊರಸುತ್ತಿನಿಂದ ಇಳಿದರೆ ಕೆಳಗಿನ ರಬ್ಬರ್ ರಿಂಗ್ ಹೋಗಿದೆ. ಇವೆರಡೂ ಅಲ್ಲದೆ ಕ್ರ್ಯಾಂಕ್ ಶಾಫ್ಟನ್ನು ಹೊರುವ ಮೇನ್ ಬೇರಿಂಗಿನ ಮೇಲಿನ ಗೋಡೆಯಿಂದಲೋ ಬರೀ ಎರಕದ ಮೈಯಿಂದಲೋ ಬೆವರಿನಂತೆ ಒಸರಿದರೆ, ಆಗ ಬ್ಲಾಕಿನ ಹೆಸರು ಹೇಳಬಹುದು.

ಹೆಡ್ ಇಳಿಸಿದಾಗ ಗ್ಯಾಸ್ಕೆಟ್ಟನ್ನು ಎಸೆಯದೆ ಬೆಳಕಿನಲ್ಲಿ ಹಿಡಿದು ನೋಡಿ, ಸಿಲಿಂಡರಿನ ಉಂಗುರದಿಂದ ನೀರಿನ ತೂತಿನವರೆಗೆ ಕಪ್ಪು ದಾರಿಯೊಂದು ಸುಟ್ಟಿದ್ದರೆ ಗಾಳಿ ಹೋದ ಹಾದಿ ಅದೇ. ಹೆಡ್ಡನ್ನು ಬೇರೆಯಾಗಿಯೇ ಒತ್ತಡದ ಪರೀಕ್ಷೆಗೆ ಕಳಿಸಿ. ಅದು ಒಡೆದಿರುವುದು ಗೊತ್ತಾದರೆ ಬಹುಮಟ್ಟಿಗೆ ತಮ್ಮ ಹುಡುಕಾಟ ಅಲ್ಲಿಗೆ ಮುಗಿಯುತ್ತದೆ.

ಹೆಡ್ ಸರಿಯಿದ್ದರೆ ಮಾತ್ರ ಬ್ಲಾಕನ್ನು ಪೂರ್ತಿ ಬೋಳು ಮಾಡಿಸಿ, ಕಾಸ್ಟಿಕ್ ತೊಟ್ಟಿಯಲ್ಲಿ ಕುದಿಸಿ ತೊಳೆಸಬೇಕು, ಏಕೆಂದರೆ ಜಿಡ್ಡು ಕೂತ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ನೋಡಬೇಕಾದ ಜಾಗಗಳು ಎರಡು ಸಿಲಿಂಡರುಗಳ ನಡುವಿನ ಕಿರಿದಾದ ಪಟ್ಟಿ, ಹೆಡ್ ಬೋಲ್ಟಿನ ತೂತಿನಿಂದ ನೀರಿನ ತೂತಿಗೆ ಹೋಗುವ ಅಂತರ, ಲೈನರ್ ಕೂರುವ ಮೆಟ್ಟಿಲು ಮತ್ತು ಮೇನ್ ಬೇರಿಂಗಿನ ಕಮಾನು. ಬೋಲ್ಟಿನ ತೂತಿನಲ್ಲಿ ಆಯಿಲೋ ನೀರೋ ನಿಂತಿರುವಾಗಲೇ ಬೋಲ್ಟ್ ಬಿಗಿದರೆ ಆ ದ್ರವ ಹೋಗಲು ಜಾಗವಿಲ್ಲದೆ ಬ್ಲಾಕನ್ನೇ ಸೀಳುವುದುಂಟು. ಹಾಗಾಗಿ ಹಿಂದೊಮ್ಮೆ ಹೆಡ್ ಇಳಿಸಿ ಏರಿಸಿದ ಎಂಜಿನ್ನಾದರೆ ಆ ತೂತುಗಳನ್ನು ವಿಶೇಷವಾಗಿ ನೋಡಿಸಿ.

ಬಿರುಕನ್ನು ಕಾಣಿಸುವ ಅಗ್ಗದ ದಾರಿ ಕೆಂಪು ಬಣ್ಣದ ಸ್ಪ್ರೇ. ಅದನ್ನು ಹೊಡೆದು, ಒಳಗೆ ಇಂಗಲು ಬಿಟ್ಟು, ಮೇಲ್ಮೈಯನ್ನು ಪೂರ್ತಿ ಒರೆಸಿ, ಬಿಳಿಯ ಪುಡಿಯ ಸ್ಪ್ರೇ ಹೊಡೆದು ಹತ್ತು ನಿಮಿಷ ಕಾದರೆ ಬಿರುಕಿನೊಳಗೆ ಉಳಿದ ಕೆಂಪು ಬಿಳಿಯ ಮೇಲೆ ಕೂದಲೆಳೆಯಂತೆ ಎದ್ದು ಬರುತ್ತದೆ. ನಮ್ಮ ಗುರುಗಳ ಕಾಲದಲ್ಲಿ ಇದೇ ಕೆಲಸಕ್ಕೆ ಸೀಮೆಎಣ್ಣೆ ಮತ್ತು ಸುಣ್ಣ ಬಳಸುತ್ತಿದ್ದರು, ಈಗಲೂ ಅದು ಸುಳ್ಳಾಗುವುದಿಲ್ಲ. ಬೀಡು ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದರಿಂದ ವಿದ್ಯುತ್ ಅಯಸ್ಕಾಂತ ಇಟ್ಟು ಕಬ್ಬಿಣದ ಪುಡಿ ಉದುರಿಸುವ ಪರೀಕ್ಷೆಯೂ ಇದೆ. ಅದನ್ನು ಅಯಸ್ಕಾಂತವನ್ನು ಅಡ್ಡಲಾಗಿ ಒಮ್ಮೆ, ಉದ್ದಕ್ಕೆ ಒಮ್ಮೆ ಇಟ್ಟು ಮಾಡಬೇಕು, ಏಕೆಂದರೆ ಅಯಸ್ಕಾಂತದ ದಿಕ್ಕಿಗೆ ಸಮನಾಗಿ ಹೋದ ಬಿರುಕು ಪುಡಿಯನ್ನು ಹಿಡಿಯುವುದಿಲ್ಲ. ಇವೆಲ್ಲ ಮೇಲ್ಮೈಗೆ ತೆರೆದುಕೊಂಡ ಬಿರುಕುಗಳಿಗೆ. ನೀರಿನ ಕೋಣೆಯ ಒಳಗಿನದಕ್ಕೆ ತೂತುಗಳನ್ನೆಲ್ಲ ರಬ್ಬರ್ ಮತ್ತು ತಗಡಿನಿಂದ ಮುಚ್ಚಿ, ಬಿಸಿನೀರು ತುಂಬಿ, ಒತ್ತಡ ಕೊಡುವ ಪರೀಕ್ಷೆಯೇ ಕೊನೆಯ ಮಾತು. ನೀರು ಬಿಸಿಯೇ ಇರಲಿ ಎಂದು ತಾವು ಒತ್ತಾಯಿಸಿ. ತಣ್ಣಗಿರುವಾಗ ಮುಚ್ಚಿಕೊಂಡು, ಕಾದಾಗ ಮಾತ್ರ ಬಾಯಿ ಬಿಡುವ ಬಿರುಕುಗಳಿವೆ, ಘಾಟಿನಲ್ಲಿ ನೀರು ಕುಡಿಯುವ ಲಾರಿ ಗ್ಯಾರೇಜಿನಲ್ಲಿ ಸರಿಯಿರುವುದು ಇದರಿಂದಲೇ.

ಬಿರುಕು ಸಿಕ್ಕರೂ ಬ್ಲಾಕ್ ಹೋಯಿತು ಎನ್ನುವಂತಿಲ್ಲ. ನೀರಿನ ಕೋಣೆಯ ಹೊರಗೋಡೆಯ ಬಿರುಕನ್ನು ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆದು ನಿಲ್ಲಿಸಿ, ಒಂದಕ್ಕೊಂದು ಹೆಣೆದುಕೊಳ್ಳುವ ಲೋಹದ ಮೊಳೆಗಳಿಂದ ಬೆಂಕಿಯಿಲ್ಲದೆ ಹೊಲಿಯುವ ಕೆಲಸಗಾರರಿದ್ದಾರೆ, ಚೆನ್ನಾಗಿ ಮಾಡಿದ ಹೊಲಿಗೆ ಬಹುಕಾಲ ಬಾಳುತ್ತದೆ. ಸಿಲಿಂಡರಿನ ಗೋಡೆಯ ಬಿರುಕಿಗೆ ಕೆಲವು ಎಂಜಿನ್ನುಗಳಲ್ಲಿ ಲೈನರ್ ಒತ್ತಿ ಕೂರಿಸಬಹುದು. ಮೇನ್ ಬೇರಿಂಗಿನ ಕಮಾನು ಒಡೆದಿದ್ದರೆ ಮಾತ್ರ ನಾನು ರಿಪೇರಿಗೆ ಒಪ್ಪುವುದಿಲ್ಲ, ಆ ಬ್ಲಾಕ್ ಗುಜರಿಗೆ ಹೋಗಬೇಕು. ರೇಡಿಯೇಟರಿಗೆ ಸುರಿಯುವ ಸೋರಿಕೆ ನಿಲ್ಲಿಸುವ ಔಷಧಿಯನ್ನು ದಯವಿಟ್ಟು ಹಾಕಬೇಡಿ. ಅದು ಬಿರುಕಿಗಿಂತ ಮೊದಲು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ, ಎಂಜಿನ್ ಇನ್ನಷ್ಟು ಕುದಿಯುತ್ತದೆ.

ಪ್ರಶ್ನೆ: ಗೋವಾದಲ್ಲಿ 2018ರ ಮಾರ್ಚ್‌ನಲ್ಲಿ ಗಣಿ ಕೆಲಸ ನಿಂತ ಮೇಲೆ ನನ್ನ ಟಿಪ್ಪರ್ ವರ್ಷಗಟ್ಟಲೆ ಮನೆಯ ಮುಂದೆಯೇ ನಿಂತಿತ್ತು. ಈಗ ಶುರುಮಾಡಿದರೆ ಬ್ಲಾಕಿನ ಬದಿಯಿಂದ ಕೆಂಪು ನೀರು ಇಳಿಯುತ್ತದೆ. ಇದು ಬಿರುಕೇ?
– ಓದುಗರು, ಕುಡಚಡೆ, ಗೋವಾ

ಉತ್ತರ: ಬಿರುಕಲ್ಲದಿರುವ ಸಾಧ್ಯತೆ ಹೆಚ್ಚು. ಬ್ಲಾಕಿನ ಬದಿಯಲ್ಲಿ ಬಟ್ಟಲಿನಂಥ ಗುಂಡಗಿನ ತಗಡುಗಳು ಸಾಲಾಗಿ ಕೂತಿರುವುದನ್ನು ತಾವು ನೋಡಿರಬಹುದು, ನಮ್ಮವರು ಅವನ್ನು ಡಮ್ಮಿ ಎನ್ನುತ್ತಾರೆ. ಎರಕ ಹೊಯ್ಯುವಾಗ ಒಳಗಿನ ಮರಳನ್ನು ತೆಗೆಯಲು ಬಿಟ್ಟ ತೂತುಗಳನ್ನು ಆಮೇಲೆ ಅವುಗಳಿಂದ ಮುಚ್ಚಿರುತ್ತಾರೆ. ಕೂಲಂಟ್ ಇಲ್ಲದ ಬರೀ ನೀರು ವರ್ಷಗಟ್ಟಲೆ ನಿಂತರೆ ಆ ತೆಳು ತಗಡು ಒಳಗಿನಿಂದ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾಗುತ್ತದೆ, ಅಲ್ಲಿಂದ ಇಳಿದ ನೀರು ಬ್ಲಾಕಿನ ಮೈಮೇಲೆ ತುಕ್ಕಿನ ಗೆರೆ ಎಳೆಯುತ್ತದೆ, ದೂರದಿಂದ ಆ ಗೆರೆಯೇ ಬಿರುಕಿನಂತೆ ಕಾಣುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ ಒರೆಸಿ, ಮತ್ತೆ ನೀರು ಎಲ್ಲಿ ಮೊದಲು ಮೂಡುತ್ತದೆ ಎಂದು ನೋಡಿ. ಡಮ್ಮಿಯ ಅಂಚಿನಲ್ಲಿ ಮೂಡಿದರೆ ಒಂದನ್ನಷ್ಟೇ ಅಲ್ಲ, ಎಲ್ಲವನ್ನೂ ಬದಲಿಸಿ, ಏಕೆಂದರೆ ಎಲ್ಲವೂ ಒಂದೇ ನೀರಿನಲ್ಲಿ ನಿಂತಿದ್ದವು. ಎರಕದ ಅಚ್ಚು ಕೂಡಿದ ಗೆರೆಯನ್ನು ಬಿರುಕೆಂದು ತಿಳಿಯಬೇಡಿ, ಆ ಗೆರೆ ಉಬ್ಬಿ ನೇರವಾಗಿ ಹೋಗುತ್ತದೆ, ಬಿರುಕು ಸಣ್ಣಗೆ ಅಂಕುಡೊಂಕಾಗಿ ಅಲೆಯುತ್ತದೆ.

ನೀರು ಹೆಪ್ಪುಗಟ್ಟಿ ಬ್ಲಾಕ್ ಒಡೆಯುವ ಭಯ ಲಡಾಖಿನ ಕಡೆ ಹೋಗುವ ಲಾರಿಗಳಿಗೆ ಇದೆ, ಗೋವಾದಲ್ಲಿ ನಿಂತ ತಮ್ಮ ಟಿಪ್ಪರಿಗೆ ಇಲ್ಲ. ಆದರೆ ತುಕ್ಕಿನ ಕೆಸರು ಸಿಲಿಂಡರುಗಳ ಸುತ್ತ ತಳಕಟ್ಟಿರುತ್ತದೆ. ಡಮ್ಮಿ ತೆಗೆದಾಗಲೇ ಆ ತೂತುಗಳಿಂದ ಅದನ್ನು ಕೆರೆದು ತೊಳೆಸಿ, ಕೂಲಂಟ್ ಬೆರೆಸಿದ ನೀರು ತುಂಬಿಸಿ. ಇಲ್ಲದಿದ್ದರೆ ಭಾರ ಹೇರಿದ ಮೊದಲ ಏರಿನಲ್ಲಿಯೇ ಹಿಂದಿನ ಸಿಲಿಂಡರುಗಳು ಕಾದು ನಿಜವಾದ ಬಿರುಕು ಬೀಳಬಹುದು.

ಪ್ರಶ್ನೆ: ನಮ್ಮ ಲಾರಿಯ ಬ್ಲಾಕ್ ಮೇನ್ ಬೇರಿಂಗಿನ ಹತ್ತಿರವೇ ಒಡೆದಿರುವುದು ಖಚಿತವಾಗಿದೆ. ಮುಂಬಯಿಯ ಕುರ್ಲಾದಲ್ಲಿ ಹಳೆಯ ಬ್ಲಾಕ್ ಕೊಳ್ಳುವಾಗ ಏನು ನೋಡಬೇಕು?
– ಓದುಗರು, ಕಳಂಬೋಲಿ, ನವಿ ಮುಂಬಯಿ

ಉತ್ತರ: ಹೊಸದಾಗಿ ಬಣ್ಣ ಹೊಡೆದ ಬ್ಲಾಕನ್ನು ಕೊಳ್ಳಬೇಡಿ. ಬಣ್ಣದ ಕೆಳಗೆ ಎಪಾಕ್ಸಿ ಅಂಟು ತುಂಬಿದ ಬಿರುಕು ಇರಬಹುದು. ಎಣ್ಣೆ, ಮಣ್ಣು ಹಿಡಿದ ಬ್ಲಾಕೇ ಲೇಸು, ಅದನ್ನು ಅಲ್ಲಿಯೇ ಸೀಮೆಎಣ್ಣೆಯಲ್ಲಿ ತೊಳೆದು ನೋಡಬಹುದು. ಮೇನ್ ಬೇರಿಂಗಿನ ಕ್ಯಾಪ್‌ಗಳು ಆ ಬ್ಲಾಕಿನವೇ ಆಗಿರಬೇಕು, ಅವುಗಳ ಮೇಲಿನ ಅಂಕಿಗಳು ಕ್ರಮವಾಗಿರಬೇಕು, ಏಕೆಂದರೆ ಬೇರೆ ಬ್ಲಾಕಿನ ಕ್ಯಾಪ್ ಹಾಕಿದರೆ ಕ್ರ್ಯಾಂಕ್ ನೇರವಾಗಿ ಕೂರುವುದಿಲ್ಲ. ಬ್ಲಾಕನ್ನು ಮರದ ತುಂಡುಗಳ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದರೆ ಒಡಕು ಇದ್ದಲ್ಲಿ ಸದ್ದು ಮಂಕಾಗುವುದುಂಟು, ಆದರೆ ಸದ್ದು ಚೆನ್ನಾಗಿದೆ ಎಂದು ಮಾತ್ರ ನಂಬಿ ಹಣ ಕೊಡಬೇಡಿ.

ಎಂಜಿನ್ ನಂಬರ್ ಕೆತ್ತಿದ ಜಾಗವನ್ನು ಚೆನ್ನಾಗಿ ನೋಡಿ. ಅಲ್ಲಿ ಗ್ರೈಂಡರ್ ಆಡಿಸಿದ ಗುರುತಿದ್ದರೆ ಬೆಲೆ ಎಷ್ಟು ಕಡಿಮೆಯಿದ್ದರೂ ಬಿಟ್ಟು ಬನ್ನಿ, ಕಳವಿನ ಲಾರಿಯದಾಗಿದ್ದರೆ ಕೇಸು ತಮ್ಮ ಮೇಲೆ ಬರುತ್ತದೆ. ಬಿಲ್ಲಿನಲ್ಲಿ ಆ ನಂಬರನ್ನು ಬರೆಸಿಕೊಳ್ಳಿ, ಬ್ಲಾಕ್ ಬದಲಿಸಿದ ಮೇಲೆ ಅದನ್ನು ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸುವಾಗ ಆ ಬಿಲ್ ಬೇಕಾಗುತ್ತದೆ. ಬಿಸಿನೀರಿನ ಒತ್ತಡದ ಪರೀಕ್ಷೆಯಲ್ಲಿ ಒಡಕು ಕಂಡರೆ ಹಣ ವಾಪಸ್ ಎಂಬ ಮಾತನ್ನೂ ಅದೇ ಬಿಲ್ಲಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ, ಮತ್ತು ಆ ಪರೀಕ್ಷೆಯನ್ನು ಸಿಲಿಂಡರುಗಳನ್ನು ಕೊರೆಯುವ ಬೋರಿಂಗ್ ಕೆಲಸ ಶುರುವಾಗುವ ಮೊದಲೇ ಮಾಡಿಸಿ. ಒಮ್ಮೆ ಬೋರ್ ಹೊಡೆದ ಬ್ಲಾಕನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ.